ಪ್ರಯಾರಿಟಿ ಬೋರ್ಡಿಂಗ್ ಬೇಕಾ ಬೇಡವಾ ಅನ್ನೋದು ನಿಮ್ಮ ಬ್ಯಾಗ್ ಮೇಲಿದೆ

ಅಪ್ಪ ಅಮ್ಮನನ್ನು ಕರೆದುಕೊಂಡು ಮೊದಲ ಸಲ ಬಜೆಟ್ ಏರ್‌ಲೈನ್‌ನಲ್ಲಿ ಹೊರಟಿದ್ದೀರಿ. ದೊಡ್ಡ ಏರ್‌ಲೈನ್‌ಗೂ ಇದಕ್ಕೂ ಬೋರ್ಡಿಂಗ್‌ನಲ್ಲಿ ಏನು ವ್ಯತ್ಯಾಸ, ಪ್ರಯಾರಿಟಿಗೆ, ಅಂದರೆ ಹೆಚ್ಚು ಹಣ ಕೊಟ್ಟು ಉಳಿದವರಿಗಿಂತ ಮೊದಲು ವಿಮಾನ ಹತ್ತುವುದಕ್ಕೆ, ಮೂರೂ ಜನಕ್ಕೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ. ತಲೆ ಮೇಲಿನ ಬಿನ್‌ಗೆ (ಬ್ಯಾಗ್ ಇಡುವ ಗೂಡಿಗೆ) ಹೋಗುವಂಥ ಬ್ಯಾಗ್ ಇದ್ದರೆ ಕಟ್ಟಿ, ಇಲ್ಲದಿದ್ದರೆ ಬೇಡ. ಬೇಗ ಹೋಗಿ ಸೀಟು ಹಿಡಿಯಬೇಕು ಅಂತ ಮಾತ್ರ ಕಟ್ಟಬೇಡಿ. ಸೀಟ್ ನಂಬರ್ ಬೋರ್ಡಿಂಗ್ ಪಾಸ್ ಮೇಲೆ ಇದೆ, ಮೊದಲು ಹೋದರೂ ಕೊನೆಗೆ ಹೋದರೂ ಅದು ನಿಮ್ಮದೇ.

ವಿಮಾನದಲ್ಲಿ ಸೀಟು ಎಲ್ಲರಿಗೂ ಇದೆ. ಜಾಗ ಸಾಲದೆ ಬರುವುದು ಬ್ಯಾಗಿಗೆ. ಹಳೆಯ ಬೋಯಿಂಗ್ 737ರ ಒಂದು ಬಿನ್‌ನಲ್ಲಿ ಚಕ್ರದ ಬ್ಯಾಗ್ 4 ಹಿಡಿಸುತ್ತವೆ. ಹೊಸ ಬಗೆಯ ದೊಡ್ಡ ಬಿನ್ ಆದರೆ ಬ್ಯಾಗನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ 6 ಇಡಬಹುದು. ನೀವು ಹತ್ತುವ ವಿಮಾನದಲ್ಲಿ ಯಾವುದಿದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಎಲ್ಲರೂ ಒಂದೊಂದು ಚಕ್ರದ ಬ್ಯಾಗ್ ತಂದರೆ ಹಳೆಯ ಬಿನ್‌ನಲ್ಲಿ ಹಿಡಿಸುವುದೇ ಇಲ್ಲ. ಕೊನೆಗೆ ಹತ್ತಿದವರ ಬ್ಯಾಗ್ ಕೆಳಗೆ ಸರಕಿನ ಜೊತೆ ಹೋಗುತ್ತದೆ. ಗೇಟ್ ಹತ್ತಿರ ಅಷ್ಟೊಂದು ಜನ ಕರೆಯುವ ಮೊದಲೇ ಎದ್ದು ನಿಂತಿರುತ್ತಾರಲ್ಲ, ಅವರಲ್ಲಿ ಹೆಚ್ಚಿನವರು ನಿಂತಿರುವುದು ಈ ಬಿನ್‌ಗೋಸ್ಕರ.

ಇನ್ನು ಯಾರನ್ನು ಮೊದಲು ಹತ್ತಿಸುತ್ತಾರೆ ಅನ್ನುವುದು. ಹಿಂದಿನ ಸಾಲಿನವರು ಮೊದಲು, ಮುಂದಿನವರು ಆಮೇಲೆ ಅನ್ನುವುದು ಕೇಳಲು ಸರಿಯಾಗೇ ಇದೆ, ನಾನೂ ಬಹಳ ದಿನ ಇದೇ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಜೇಸನ್ ಸ್ಟೆಫೆನ್ ಅನ್ನುವ ಖಗೋಳ ವಿಜ್ಞಾನಿ 2008ರಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ಇದು ತೀರಾ ನಿಧಾನದ ಕ್ರಮ ಅಂತ ತೋರಿಸಿದರು. 2011ರಲ್ಲಿ ಅದನ್ನು ನಿಜವಾದ ಜನರ ಮೇಲೇ ಪರೀಕ್ಷೆ ಮಾಡಿದರು. 12 ಸಾಲು, 72 ಜನ, ಕೈಯಲ್ಲಿ ಬ್ಯಾಗು. ಹಿಂದಿನಿಂದ ಗುಂಪು ಗುಂಪಾಗಿ ಕಳಿಸಿದಾಗ 6 ನಿಮಿಷ 54 ಸೆಕೆಂಡ್ ಹಿಡಿಯಿತು. ಯಾವ ಕ್ರಮವೂ ಇಲ್ಲದೆ ಹೋಗಿ ಅಂದಾಗ 4 ನಿಮಿಷ 44 ಸೆಕೆಂಡ್. ಕ್ರಮ ಇಲ್ಲದ್ದೇ ಎರಡು ನಿಮಿಷ ಬೇಗ! ಕಿಟಕಿಯವರು ಮೊದಲು, ಆಮೇಲೆ ನಡುವಿನವರು, ಕೊನೆಗೆ ಐಲ್ ಸೀಟಿನವರು (ನಡುವಿನ ಓಡಾಡುವ ದಾರಿಯ ಪಕ್ಕದವರು) ಅಂತ ಕಳಿಸಿದಾಗ 4 ನಿಮಿಷ 13 ಸೆಕೆಂಡ್. ಸ್ಟೆಫೆನ್ ಅವರದೇ ಕ್ರಮದಲ್ಲಿ 3 ನಿಮಿಷ 36 ಸೆಕೆಂಡ್.

ಯಾಕೆ ಹೀಗೆ ಅಂದರೆ, ಸಮಯ ತಿನ್ನುವುದು ನಡೆಯುವುದಲ್ಲ, ನಿಂತು ಬ್ಯಾಗ್ ಎತ್ತಿಡುವುದು. ಹಿಂದಿನ ಐದು ಸಾಲಿನ ಮೂವತ್ತು ಜನರನ್ನು ಒಟ್ಟಿಗೆ ಬಿಟ್ಟರೆ ಎಲ್ಲರಿಗೂ ಬೇಕಾಗುವುದು ಅದೇ ಹನ್ನೆರಡು ಅಡಿಯಷ್ಟು ಜಾಗ. ಇಬ್ಬರೋ ಮೂವರೋ ಬ್ಯಾಗ್ ಇಡುತ್ತಿರುತ್ತಾರೆ, ಉಳಿದವರು ಅವರ ಬೆನ್ನು ನೋಡುತ್ತಾ ನಿಂತಿರುತ್ತಾರೆ, ಮುಂದಿನ ಅರ್ಧ ವಿಮಾನ ಸುಮ್ನೆ ಖಾಲಿ. ಅದರ ಮೇಲೆ ಐಲ್ ಸೀಟಿನವರು ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಕಿಟಕಿಯವರು ಬರುತ್ತಾರೆ, ಆಗ ಐಲ್‌ನವರು ಎದ್ದು ಹೊರಗೆ ಬಂದು ದಾರಿ ಬಿಡಬೇಕು. ಸ್ಟೆಫೆನ್ ಕ್ರಮದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನ ಕಿಟಕಿಯವರು ಮಾತ್ರ ಮೊದಲು ಹೋಗುತ್ತಾರೆ. ಹಾಗಾಗಿ ಒಬ್ಬರಿಗೊಬ್ಬರ ಮೊಣಕೈ ತಾಗದೆ ಹಲವರು ಒಂದೇ ಹೊತ್ತಿಗೆ ಬ್ಯಾಗ್ ಎತ್ತಿಡಬಹುದು.

ಆದರೆ ಅದನ್ನು ಹಾಗೆಯೇ ಜಾರಿಗೆ ತರುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ. ಮಗು ಕಿಟಕಿ ಸೀಟಿಗೆ ಮೊದಲು ಹೋಗಬೇಕು, ತಾಯಿ ಐಲ್ ಸೀಟು ಅಂತ ಕೊನೆಯಲ್ಲಿ ನಿಲ್ಲಬೇಕು ಅಂದರೆ ಯಾರು ಒಪ್ಪುತ್ತಾರೆ? ಬೇಗ ಹತ್ತುವುದನ್ನೇ ಮಾರುವ ಕಂಪನಿಗೂ ಅದು ಹೊಂದುವುದಿಲ್ಲ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನವರು 2023ರ ಅಕ್ಟೋಬರ್‌ನಿಂದ ಕಿಟಕಿ, ನಡುವೆ, ಐಲ್ ಅನ್ನುವ ಕ್ರಮಕ್ಕೆ ಮರಳಿದರು. ಒಂದೇ ಬುಕಿಂಗ್‌ನಲ್ಲಿರುವ ಮನೆಯವರು ಮಾತ್ರ ಒಟ್ಟಿಗೆ ಹೋಗಬಹುದು. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ನಿಮ್ಮ ಗುಂಪು ಕರೆಯುವ ಮೊದಲೇ ಪಾಸ್ ತೋರಿಸಿದರೆ ಯಂತ್ರವೇ ಸದ್ದು ಮಾಡಿ ಬೇಡ ಅನ್ನುತ್ತದೆ. ದೊಡ್ಡ ಏರ್‌ಲೈನ್‌ಗಳಲ್ಲಿ ಈ ಗುಂಪುಗಳೇ ಜಾಸ್ತಿ: ಬಿಸಿನೆಸ್ ಕ್ಲಾಸ್, ಆ ಏರ್‌ಲೈನ್‌ನ ಕಾರ್ಡ್ ಇರುವವರು, ಆಮೇಲೆ ಒಂದು, ಎರಡು, ಮೂರು, ನಾಲ್ಕು...

ಅಮೆರಿಕದ ಬಜೆಟ್ ಏರ್‌ಲೈನ್ ಸೌತ್‌ವೆಸ್ಟ್ ಕಥೆ ಬೇರೆ. 1971ರಲ್ಲಿ ಶುರುವಾದಾಗಿನಿಂದ ಅಲ್ಲಿ ಸೀಟ್ ನಂಬರೇ ಇರಲಿಲ್ಲ, ಮೊದಲು ಹೋದವರು ಬೇಕಾದ ಕಡೆ ಕೂರಬಹುದಿತ್ತು. 1972ರಲ್ಲಿ ದುಡ್ಡಿಲ್ಲದೆ ತಮ್ಮ ನಾಲ್ಕು ವಿಮಾನದಲ್ಲಿ ಒಂದನ್ನು ಮಾರಿಬಿಟ್ಟು, ನಾಲ್ಕು ವಿಮಾನದ ವೇಳಾಪಟ್ಟಿಯನ್ನು ಮೂರರಲ್ಲೇ ನಡೆಸಬೇಕಾಗಿ ಬಂತು. ಅದಕ್ಕೆ ಅವರು ಹಿಡಿದ ದಾರಿ, ವಿಮಾನ ಬಂದು ನಿಂತ 10 ನಿಮಿಷದಲ್ಲಿ ಮತ್ತೆ ಹೊರಡಿಸುವುದು. ಬಜೆಟ್ ಏರ್‌ಲೈನ್ ಅಂದರೆ ಏನು ಅಂತ ತಿಳಿಯಲು ಈ ಒಂದು ಕಥೆ ಸಾಕು. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಆ ಸೌತ್‌ವೆಸ್ಟ್‌ನಲ್ಲೂ 2026ರ ಜನವರಿ 27ರಿಂದ ಸೀಟ್ ನಂಬರ್ ಬಂದಿದೆ.

ನೀವು ಹೋಗುವ ಬಜೆಟ್ ವಿಮಾನದಲ್ಲೂ ಎಲ್ಲವೂ ಈ ಲೆಕ್ಕದಲ್ಲೇ ನಡೆಯುತ್ತದೆ. ಯುರೋಪಿನ ಬಜೆಟ್ ಏರ್‌ಲೈನ್ ರಯಾನ್‌ಏರ್‌ನವರು ಬಂದು ನಿಂತ ವಿಮಾನವನ್ನು 25 ನಿಮಿಷದಲ್ಲಿ ಮತ್ತೆ ಹೊರಡಿಸುತ್ತಾರೆ. ಅವರ ಸೀಟಿನ ಹಿಂದೆ ಚೀಲ ಇರುವುದಿಲ್ಲ, ಸುರಕ್ಷತೆಯ ಸೂಚನೆಯನ್ನು ಎದುರು ಸೀಟಿಗೇ ಅಂಟಿಸಿರುತ್ತಾರೆ. ಚೀಲ ಇಲ್ಲ ಅಂದಮೇಲೆ ಅದರಲ್ಲಿ ಕಸವೂ ಇಲ್ಲ, ಅದನ್ನು ಗುಡಿಸುವ ಸಮಯವೂ ಇಲ್ಲ. ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಏರೋಬ್ರಿಡ್ಜ್ ಬದಲು ಮುಂದೆ ಹಿಂದೆ ಎರಡು ಕಡೆ ಮೆಟ್ಟಿಲು ಹಾಕಿ ಎರಡು ಬಾಗಿಲಿಂದ ಹತ್ತಿಸುತ್ತಾರೆ. ಇಂಡಿಗೋದವರು 2022ರಲ್ಲಿ ಇಳಿಸುವುದಕ್ಕೆ ಮುಂದೆ ಎರಡು, ಹಿಂದೆ ಒಂದು ಅಂತ ಮೂರು ಬಾಗಿಲು ಬಳಸಲು ಶುರು ಮಾಡಿದರು. ನಿಮ್ಮ ಪಾಸ್ ಮೇಲೆ ಮುಂದಿನ ಬಾಗಿಲು, ಹಿಂದಿನ ಬಾಗಿಲು ಅಂತ ಬರೆದಿದ್ದರೆ ದಯವಿಟ್ಟು ಅದನ್ನೇ ಪಾಲಿಸಿ. 24ನೇ ಸಾಲಿನವರು ಮುಂದಿನ ಬಾಗಿಲಿಂದ ಹತ್ತಿದರೆ ಇಡೀ ವಿಮಾನ ದಾಟಿ ಹೋಗಬೇಕು, ಎದುರಿಗೆ ಹಿಂದಿನಿಂದ ಬರುವವರು ಸಿಗುತ್ತಾರೆ, ಆ ಕಿರಿದಾದ ದಾರಿಯಲ್ಲಿ ಇಬ್ಬರು ದಾಟಲು ಆಗುವುದಿಲ್ಲ.

ಈಗ ಪ್ರಯಾರಿಟಿ ವಿಷಯಕ್ಕೆ ಬರುತ್ತೇನೆ. ನಾನೂ ಒಮ್ಮೆ ನನ್ನ ಅಪ್ಪನ ಜೊತೆ ಹೊರಟಿದ್ದೆ, ಯಾವ ಕಂಪನಿ ಅಂತ ಬರೆಯುವುದಿಲ್ಲ. ಅಪ್ಪನಿಗೆ ಮಂಡಿ ನೋವು. ಜನರ ನೂಕಾಟ ಬೇಡ, ಆರಾಮವಾಗಿ ಮೊದಲು ಹೋಗಿ ಕೂರಲಿ ಅಂತ ಇಬ್ಬರಿಗೂ ಪ್ರಯಾರಿಟಿ ತೆಗೆದುಕೊಂಡೆ. ಗೇಟ್‌ನಲ್ಲಿ ನಮ್ಮನ್ನೇ ಮೊದಲು ಕರೆದರು. ಖುಷಿಯಿಂದ ಹೋದೆವು, ಕೆಳಗೆ ಬಸ್ಸು ನಿಂತಿತ್ತು. ಮೊದಲು ಹತ್ತಿದ್ದರಿಂದ ಒಳಗೆ ಹೋಗಿ ಎಂದರು, ನಾವು ಒಳಗೆ ಹೋಗಿ ಆ ಕಡೆಯ ಕಂಬ ಹಿಡಿದು ನಿಂತೆವು. ಬಸ್ಸಿನಲ್ಲಿದ್ದ ನಾಲ್ಕೈದು ಸೀಟು ನಮ್ಮ ಜೊತೆ ಬಂದ ಪ್ರಯಾರಿಟಿಯವರಿಂದಲೇ ತುಂಬಿತ್ತು. ಉಳಿದವರೆಲ್ಲ ಹತ್ತುವವರೆಗೆ ಇಪ್ಪತ್ತು ನಿಮಿಷ ಬಸ್ಸು ಕದಲಲಿಲ್ಲ. ಅಪ್ಪ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ, ಕಂಬ ಹಿಡಿದ ಕೈಯ ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು ನಿಂತಿದ್ದರು. ಕೂರಲು ಜಾಗ ಕೊಡಿ ಅಂತ ಯಾರನ್ನೂ ಕೇಳಬೇಡ ಅಂತ ಕಣ್ಣಲ್ಲೇ ಹೇಳಿದರು. ವಿಮಾನದ ಹತ್ತಿರ ಬಸ್ಸಿನ ಬಾಗಿಲು ತೆರೆದಿದ್ದು ನಮ್ಮ ಕಡೆ ಅಲ್ಲ, ಕೊನೆಗೆ ಹತ್ತಿದವರ ಕಡೆ. ಅವರು ಮೊದಲು ಇಳಿದರು, ಮೊದಲು ಮೆಟ್ಟಿಲು ಹತ್ತಿದರು. ನಾವು ಒಳಗೆ ಹೋಗುವಾಗ ನಮ್ಮ ಸಾಲಿನ ಬಿನ್ ಮುಚ್ಚಿಯಾಗಿತ್ತು. ನನಗೆ ದುಡ್ಡು ಹೋಗಿದ್ದಕ್ಕಿಂತ ಅಪ್ಪನನ್ನು ಇಪ್ಪತ್ತು ನಿಮಿಷ ಹೆಚ್ಚಿಗೆ ನಿಲ್ಲಿಸಿದೆನಲ್ಲ ಅಂತ ಇವತ್ತಿಗೂ ಬೇಸರ.

ಹಾಗಾಗಿ ವಯಸ್ಸಾದವರಿಗೋಸ್ಕರ ಪ್ರಯಾರಿಟಿ ಕೊಳ್ಳಬೇಡಿ. ಅವರಿಗೆ ಬೇಕಾಗಿರುವುದು ವೀಲ್‌ಚೇರ್ ಸಹಾಯ, ಅದಕ್ಕೆ ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊರಡುವ 48 ಗಂಟೆ ಮೊದಲೇ ಏರ್‌ಲೈನ್‌ಗೆ ತಿಳಿಸಿ. ಪೂರ್ತಿ ನಡೆಯಲು ಆಗದವರಿಗೆ ಮಾತ್ರ ಅಂತೇನಿಲ್ಲ. ದೂರ ನಡೆಯಲು ಆಗುವುದಿಲ್ಲ, ಮೆಟ್ಟಿಲು ಹತ್ತಲು ಆಗುವುದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅದಕ್ಕೆ ತಕ್ಕ ಸಹಾಯ ಇದೆ. ಮೆಟ್ಟಿಲು ಹತ್ತಲಾಗದವರನ್ನು ವಿಮಾನದ ಬಾಗಿಲಿನವರೆಗೆ ಎತ್ತುವ ಲಿಫ್ಟ್ ಗಾಡಿಯೂ ಇರುತ್ತದೆ, ಆದರೆ ಮೊದಲೇ ಹೇಳಿರಬೇಕು. ಅಮ್ಮ ಅಪ್ಪ ಬೇಡ ಅನ್ನಬಹುದು, ಸಂಕೋಚ ಇರುತ್ತದೆ ಅಲ್ವಾ. ಆ ಬಸ್ಸಿನ ಕಥೆ ಹೇಳಿ ಒಪ್ಪಿಸಿ.

ಇನ್ನೊಂದು, ಪ್ರಯಾರಿಟಿಗೆ ಹಾಕುವ ದುಡ್ಡಿದ್ದರೆ ಸೀಟ್ ಆರಿಸುವುದಕ್ಕೆ ಹಾಕಿ. ಇವೆರಡೂ ಬೇರೆ ಬೇರೆ, ಬಹಳ ಜನ ಒಂದೇ ಅಂದುಕೊಳ್ಳುತ್ತಾರೆ. ಬಜೆಟ್ ಏರ್‌ಲೈನ್‌ನಲ್ಲಿ ಸೀಟ್ ಆರಿಸದಿದ್ದರೆ ಅವರಿಗೆ ತೋಚಿದ ಕಡೆ ಕೊಡುತ್ತಾರೆ, ಒಂದೇ ಬುಕಿಂಗ್ ಆದರೂ ಅಮ್ಮ 6ನೇ ಸಾಲು, ನೀವು 27ನೇ ಸಾಲು ಆಗಬಹುದು. ಗಾಳಿಯಲ್ಲಿ ವಿಮಾನ ಸ್ವಲ್ಪ ಕುಲುಕಿದಾಗ ಪಕ್ಕದಲ್ಲಿ ಮನೆಯವರು ಇರುವುದೇ ದೊಡ್ಡ ಧೈರ್ಯ.

ಬ್ಯಾಗ್ ಅಳತೆ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಜನ ನೋವು ತಿನ್ನುವುದು ಇಲ್ಲೇ. ರಯಾನ್‌ಏರ್‌ನಲ್ಲಿ ಉಚಿತವಾಗಿ ಒಯ್ಯುವ ಬ್ಯಾಗ್ 40×30×20 ಸೆಂಟಿಮೀಟರ್, ಈಸಿಜೆಟ್‌ನಲ್ಲಿ 45×36×20. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಎರಡೂ ಸೀಟಿನ ಕೆಳಗೆ ಇಡುವ ಅಳತೆ, ತಲೆ ಮೇಲೆ ಇಡುವ ಬ್ಯಾಗಿಗೆ ಬೇರೆ ಹಣ. ಅಳೆಯುವಾಗ ಚಕ್ರ, ಹಿಡಿ, ಹೊರಗಿನ ಜೇಬು ಎಲ್ಲ ಸೇರಿಸಿ ಅಳೆಯಿರಿ. ಬ್ಯಾಗನ್ನು ತುಂಬಿದ ಮೇಲೆ ಅಳೆಯಿರಿ, ಖಾಲಿ ಇದ್ದಾಗ ಅಲ್ಲ. ಒಂದು ಸಲ ನನ್ನ ಮುಂದೆ ಒಬ್ಬ ಹುಡುಗಿಯ ಬ್ಯಾಗ್ ಆ ಅಳತೆಯ ಕಬ್ಬಿಣದ ಚೌಕಟ್ಟಿಗೆ ಇಳಿಯಿತು, ಆದರೆ ಎರಡು ಚಕ್ರ ಎರಡು ಬೆರಳಷ್ಟು ಹೊರಗೇ ಉಳಿಯಿತು. ಅವಳು ಅಲ್ಲೇ ನೆಲದ ಮೇಲೆ ಕೂತು ಸ್ವೆಟರ್ ತೆಗೆದು ಮೈಮೇಲೆ ಹಾಕಿಕೊಂಡಳು, ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬ್ಯಾಗ್ ಮೆತ್ತಗಾಯಿತು, ಆದರೆ ಚಕ್ರ ಎಲ್ಲಿಗೆ ಹೋಗುತ್ತದೆ? ಗೇಟ್‌ನಲ್ಲಿ ಕಟ್ಟುವ ಹಣ ಮೊದಲೇ ಬುಕ್ ಮಾಡಿದ್ದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಅವಳು ಕಾರ್ಡ್ ಕೊಡುವಾಗ ಕೈ ನಡುಗುತ್ತಿತ್ತು. ಅದಕ್ಕೇ ಹೇಳುವುದು, ಬಜೆಟ್ ಏರ್‌ಲೈನ್‌ಗೆ ಚಕ್ರ ಇಲ್ಲದ, ಬಟ್ಟೆಯ ಬೆನ್ನುಚೀಲವೇ ಒಳ್ಳೆಯದು.

ಅಕಸ್ಮಾತ್ ಗೇಟ್‌ನಲ್ಲಿ ನಿಮ್ಮ ಬ್ಯಾಗ್ ತೆಗೆದುಕೊಂಡು ಕೆಳಗೆ ಹಾಕುತ್ತೇವೆ ಅಂದರೆ ಗಾಬರಿ ಬೇಡ, ಆದರೆ ಬ್ಯಾಗ್ ಕೊಡುವ ಮೊದಲು ಒಂದು ನಿಮಿಷ ಕೇಳಿ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಹೊರಗೆ ತೆಗೆಯಿರಿ, ಅವು ಸರಕಿನ ಜೊತೆ ಹೋಗುವ ಹಾಗಿಲ್ಲ, ಬೆಂಕಿಯ ಅಪಾಯ ಇದೆ. ಅಪ್ಪ ಅಮ್ಮನ ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್, ದುಡ್ಡು ಕೂಡ. ನಾನು ಮಾತ್ರೆಗಳನ್ನು ಒಂದು ಚಿಕ್ಕ ಬಟ್ಟೆ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲೇ ಇಡುತ್ತೇನೆ, ಒಂದೇ ಎಳೆತಕ್ಕೆ ಕೈಗೆ ಬರಬೇಕು.

ಸಮಯದ ವಿಷಯ ಬೇಗ ಹೇಳಿಬಿಡುತ್ತೇನೆ. ಪಾಸ್ ಮೇಲಿನ ಹೊರಡುವ ಸಮಯ ಅಂದರೆ ವಿಮಾನ ಜಾಗ ಬಿಡುವ ಸಮಯ, ನೀವು ಗೇಟ್‌ಗೆ ಬರಬೇಕಾದ ಸಮಯ ಅಲ್ಲ. ರಯಾನ್‌ಏರ್‌ನಲ್ಲಿ ಗೇಟ್ 20 ನಿಮಿಷ ಮೊದಲೇ ಮುಚ್ಚುತ್ತದೆ, ಬೇರೆ ಕಡೆಯೂ ಹೆಚ್ಚು ಕಡಿಮೆ ಅಷ್ಟೇ. ಮುಚ್ಚಿದ ಮೇಲೆ ವಿಮಾನ ಕಣ್ಣೆದುರಿಗೆ ನಿಂತಿದ್ದರೂ ಬಿಡುವುದಿಲ್ಲ. ಆನ್‌ಲೈನ್ ಚೆಕ್-ಇನ್ ಮನೆಯಲ್ಲೇ ಮುಗಿಸಿ, ಕೆಲವು ಬಜೆಟ್ ಕಂಪನಿಗಳು ಕೌಂಟರ್‌ನಲ್ಲಿ ಮಾಡಿದರೆ ಹಣ ಹಾಕುತ್ತವೆ. ರಯಾನ್‌ಏರ್ 2025ರ ನವೆಂಬರ್‌ನಿಂದ ಮನೆಯಲ್ಲಿ ಪ್ರಿಂಟ್ ಮಾಡಿದ ಪಾಸ್ ನಿಲ್ಲಿಸಿ ಫೋನಿನಲ್ಲೇ ತೋರಿಸಬೇಕು ಅಂತ ಮಾಡಿದೆ, ಹಾಗಾಗಿ ಮೂರೂ ಪಾಸ್ ನಿಮ್ಮ ಫೋನಿನಲ್ಲಿ ಇರಲಿ, ಫೋನ್ ಚಾರ್ಜ್ ಇರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಮೂವರಿಗೂ ಸೀಟಿನ ಕೆಳಗೆ ಹೋಗುವ ಒಂದೊಂದು ಮೆತ್ತನೆ ಚೀಲ, ಮೂವರ ಬಟ್ಟೆಗೆ ಸೇರಿ ಮೊದಲೇ ಬುಕ್ ಮಾಡಿದ ಒಂದು ಚೆಕ್-ಇನ್ ಸೂಟ್‌ಕೇಸ್, ಒಟ್ಟಿಗೆ ಮೂರು ಸೀಟು, ಅಪ್ಪನಿಗೋ ಅಮ್ಮನಿಗೋ ಬೇಕಿದ್ದರೆ ವೀಲ್‌ಚೇರ್. ಪ್ರಯಾರಿಟಿ ಇಲ್ಲ. ಇಷ್ಟನ್ನೂ ಕೂಡಿಸಿ ದೊಡ್ಡ ಏರ್‌ಲೈನ್ ಟಿಕೆಟ್ ಜೊತೆ ಹೋಲಿಸಿ ನೋಡಿ. ಅಲ್ಲಿ ಎಷ್ಟೋ ಟಿಕೆಟ್‌ನಲ್ಲಿ ಸೂಟ್‌ಕೇಸ್ ಸೇರಿಯೇ ಇರುತ್ತದೆ, ಕೆಲವು ಸಲ ವ್ಯತ್ಯಾಸ ಬಹಳ ಕಡಿಮೆ ಬರುತ್ತದೆ, ಹಾಗೆ ಬಂದರೆ ದೊಡ್ಡದರಲ್ಲೇ ಹೋಗಿ. ಯಾವ ಏರ್‌ಲೈನ್, ಬ್ಯಾಗ್ ಅಳತೆ ಎಷ್ಟು ಅಂತ ಕೆಳಗೆ ಬರೆದರೆ ನೋಡಿ ಹೇಳುತ್ತೇನೆ.