ಹೊಲಿಗೆಯ ನಡುವೆ ಬಿಟ್ಟ ಸೀಳಿನ ಬಗ್ಗೆ

ಹೊಟ್ಟೆಯ ಜೋಲುಚರ್ಮ ತೆಗೆಸಿದ ಮೂರನೇ ವಾರದಲ್ಲಿ ಹೊಲಿಗೆಯ ನಡುವೆ ಸೀಳು ಬಿಟ್ಟಿದೆ, ಎಲ್ಲ ಹಾಳಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಎಳೆತ ಹೆಚ್ಚು, ರಕ್ತಸಂಚಾರ ಕಡಿಮೆ ಇರುವ ಜಾಗವೇ ಅದು. ನನಗೂ ಅಲ್ಲಿಯೇ ಬಿಚ್ಚಿತ್ತು. ಸಣ್ಣ ಸೀಳನ್ನು ಸಾಮಾನ್ಯವಾಗಿ ಮತ್ತೆ ಹೊಲಿಯುವುದಿಲ್ಲ, ಡ್ರೆಸ್ಸಿಂಗ್ ಮಾಡುತ್ತ ತಳದಿಂದ ತುಂಬಿಕೊಳ್ಳಲು ಬಿಡುತ್ತಾರೆ. ಒಳಗೆ ಕೆಂಪಗೆ, ಹರಳು ಹರಳಾದ ಮಾಂಸ ಕಂಡರೆ ಗಾಬರಿಯಾಗಬೇಡಿ, ಅದು ಮಾಯುವ ಲಕ್ಷಣ. ಆದರೂ ಸರ್ಜನ್‌ಗೆ ಇಂದೇ ತೋರಿಸಿ. ಜ್ವರ, ದುರ್ವಾಸನೆ, ಹಬ್ಬುವ ಕೆಂಪು, ಮೀನಖಂಡದ ಊತ, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ವಿಜಯಪುರದ ಬಿಸಿಲಿಗೆ ಹೊಟ್ಟೆಗೆ ಸುತ್ತುವ ಬಿಗಿಪಟ್ಟಿಯೊಳಗೆ ಬೆವರು ನಿಲ್ಲುತ್ತದೆ. ಎರಡು ಪಟ್ಟಿ ಇಟ್ಟುಕೊಂಡು ಬದಲಿಸಿ. ಗಾಯ ಮಾಯಲು ರೊಟ್ಟಿಯ ಜೊತೆ ಕಡಲೆಹಿಟ್ಟಿನ ಜುಣಕ, ಮೊಳಕೆ ಹೆಸರುಕಾಳು, ಮೊಸರು ಹೆಚ್ಚಲಿ. ಯಾರೇ ಹೇಳಿದರೂ ಗಾಯಕ್ಕೆ ಅರಿಶಿನ ಮೆತ್ತಬೇಡಿ. ‘ಇದೆಲ್ಲ ಯಾಕೆ ಬೇಕಿತ್ತು’ ಎನ್ನುವವರಿಗೆ ಸದ್ಯ ಉತ್ತರ ಕೊಡಲೂ ಹೋಗಬೇಡಿ.