ಜೀಪಿನಲ್ಲಿ 400 ವಾಟ್ ಆಂಪ್ಲಿಫೈಯರ್ 12 ವೋಲ್ಟಿನಲ್ಲೇ ಓಡುತ್ತದಾ?

ಜೀಪಿನಲ್ಲಿ 100 ವಾಟಿನ ಎಚ್‌ಎಫ್ ರೇಡಿಯೊ (ದೂರಕ್ಕೆ ಮಾತಾಡುವ ಹವ್ಯಾಸಿ ಸೆಟ್) ಇದೆ, ಅದಕ್ಕೊಂದು 400 ವಾಟಿನ ಆಂಪ್ಲಿಫೈಯರ್ ನಾನೇ ಕಟ್ಟಬೇಕು, ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲೇ ಓಡಿಸಬಹುದಾ ಅಂತ ಕೇಳಿದ್ದೀರಿ. ಓಡಿಸಬಹುದು, ಆದರೆ ಬೇಡ. ನಾನು ಮಡಿಕೇರಿ ಕಡೆಯವನು. ಈ ಕೆಲಸ ಎರಡು ಸಲ ಮಾಡಿದ್ದೇನೆ, ಮೊದಲು 12 ವೋಲ್ಟಿನದು, ಆಮೇಲೆ 50 ವೋಲ್ಟಿನದು. ಈಗ ಗಾಡಿಯಲ್ಲಿ ಇರುವುದು ಎರಡನೆಯದು.

ಲೆಕ್ಕ ನೋಡಿ. 400 ವಾಟ್ ಹೊರಗೆ ಬರಬೇಕಾದರೆ ಸುಮಾರು 730 ವಾಟ್ ಒಳಗೆ ಹೋಗಬೇಕು. ಉಳಿದ 330 ವಾಟ್ ಬರೀ ಬಿಸಿ. ಎಂಜಿನ್ ಓಡುವಾಗಿನ 13.8 ವೋಲ್ಟಿನಲ್ಲಿ ಆ 730 ವಾಟ್ ಎಂದರೆ 53 ಆಂಪಿಯರ್. ಬ್ಯಾಟರಿಯಿಂದ ಹಿಂದಿನ ಸೀಟಿಗೆ 4 ಮೀಟರ್, ವಾಪಸ್ 4 ಮೀಟರ್. 6 ಚದರ ಮಿಲಿಮೀಟರಿನ ವೈರ್ ಹಾಕಿದರೆ ವೈರಿನಲ್ಲೇ ಒಂದೂಕಾಲು ವೋಲ್ಟ್ ಹೋಯಿತು. ಮಾತು ಜೋರಾದಾಗೆಲ್ಲ ವೋಲ್ಟೇಜ್ ಕುಸಿದು ಧ್ವನಿ ಒಡೆಯುತ್ತದೆ. ಜೊತೆಗೆ ನಮ್ಮ ಮಳೆ. ಒಂದು ಜುಲೈನಲ್ಲಿ ನನ್ನ ಫ್ಯೂಸ್ ಹೋಲ್ಡರ್ ಮುಟ್ಟಿದರೆ ಕೈ ಸುಡುತ್ತಿತ್ತು. ಬಿಚ್ಚಿದರೆ ತಾಮ್ರದ ಮೇಲೆಲ್ಲ ಹಸಿರು ಕಿಲುಬು, ಪ್ಲಾಸ್ಟಿಕ್ ಒಂದು ಬದಿಗೆ ಕರಗಿ ವಾಲಿತ್ತು.

ಇದಕ್ಕಿಂತ ದೊಡ್ಡ ತೊಡಕು ಇಂಪೀಡೆನ್ಸ್, ಅಂದರೆ ಎಸಿ ಕರೆಂಟಿಗೆ ಒಡ್ಡುವ ತಡೆ. ಪುಶ್-ಪುಲ್ ಜೋಡಿಗೆ (ಸರದಿಯಂತೆ ದುಡಿಯುವ ಎರಡು ಟ್ರಾನ್ಸಿಸ್ಟರಿಗೆ) ಬೇಕಾದ ಲೋಡ್ ಎಂದರೆ ವೋಲ್ಟೇಜಿನ ವರ್ಗದ ಎರಡರಷ್ಟನ್ನು ಪವರ್‌ನಿಂದ ಭಾಗಿಸಿದ್ದು. 12 ವೋಲ್ಟ್, 400 ವಾಟ್ ಹಾಕಿ ನೋಡಿ, ಮುಕ್ಕಾಲು ಓಮ್ ಕೂಡ ಬರುವುದಿಲ್ಲ. ಅದನ್ನು ಆಂಟೆನಾ ಕಡೆಯ 50 ಓಮ್‌ಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಸುತ್ತುವುದು ತುಂಬಾ ಕಷ್ಟ. ಅದಕ್ಕೇ 12 ವೋಲ್ಟಿನವರು ನೂರು, ನೂರನಲವತ್ತು ವಾಟಿನ ಮೂರು ನಾಲ್ಕು ಮಾಡ್ಯೂಲ್ ಮಾಡಿ ಸೇರಿಸುತ್ತಾರೆ. 50 ವೋಲ್ಟಿಗೆ ಹೋದರೆ ಅದೇ ಲೆಕ್ಕ 12 ಓಮ್ ಹತ್ತಿರ ಬರುತ್ತದೆ. ಒಂದಕ್ಕೆ ನಾಲ್ಕರ ಟ್ರಾನ್ಸ್‌ಫಾರ್ಮರ್ ಸಾಕು.

ಎಂಆರ್‌ಎಫ್300ಎಎನ್ ಒಂದು, 300ಬಿಎನ್ ಒಂದು ತಗೊಳ್ಳಿ, ಎರಡೂ 50 ವೋಲ್ಟಿನ ಮಾಸ್‌ಫೆಟ್ ಟ್ರಾನ್ಸಿಸ್ಟರ್. ಎರಡರ ಕಾಲುಗಳು ಕನ್ನಡಿಯಲ್ಲಿ ಕಂಡ ಹಾಗೆ ಅದಲು ಬದಲು, ಹಾಗಾಗಿ ಬೋರ್ಡ್ ಎರಡೂ ಕಡೆ ಸರಿಸಮ ಕೂರುತ್ತದೆ. ಒಂದೊಂದೂ 300 ವಾಟಿನದು, ನೀವು ಜೋಡಿಯಿಂದ 400 ಮಾತ್ರ ತೆಗೆಯಿರಿ. ಹಿಂಭಾಗದ ಲೋಹವೇ ಸೋರ್ಸ್ (ಅರ್ತ್‌ಗೆ ಸೇರುವ ತುದಿ), ಮಧ್ಯೆ ಮೈಕಾದ ತಡೆಪದರ ಬೇಡ, ನೇರ ದಪ್ಪ ತಾಮ್ರದ ಹಲಗೆಗೆ ಕೂರಿಸಿ, ಅದರಡಿಗೆ ಅಲ್ಯುಮಿನಿಯಂ ಹೀಟ್ ಸಿಂಕ್, ಫ್ಯಾನ್. ಬಯಾಸ್ (ಗೇಟಿಗೆ, ಅಂದರೆ ನಿಯಂತ್ರಣದ ಕಾಲಿಗೆ, ಕೊಡುವ ಸಣ್ಣ ವೋಲ್ಟೇಜ್) ನಿಯಂತ್ರಿಸುವ, ಬಿಸಿ ಅಳೆಯುವ ಥರ್ಮಿಸ್ಟರ್ ಮಾಸ್‌ಫೆಟ್ ಪಕ್ಕದಲ್ಲೇ ಇರಲಿ.

50 ವೋಲ್ಟ್ ಎಲ್ಲಿಂದ? ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್ ಹಾಕಿದರೆ 12 ವೋಲ್ಟ್ ಕಡೆ ಮತ್ತೆ ಅದೇ ದೊಡ್ಡ ಕರೆಂಟ್, ಜೊತೆಗೆ ರಿಸೀವರಿನಲ್ಲಿ ಗುಂಯ್ ಅನ್ನುವ ಸದ್ದು. ನಾನು 15 ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಇಟ್ಟಿದ್ದೇನೆ. ಸುಮ್ನೆ ಇದ್ದಾಗ ಹೆಚ್ಚುಕಡಿಮೆ 50 ವೋಲ್ಟ್, ಕೆಲಸದಲ್ಲಿ ಸುಮಾರು 15 ಆಂಪಿಯರ್. ಗಾಡಿ ಓಡುವಾಗ ಸಣ್ಣ ಕನ್ವರ್ಟರಿನಿಂದ ನಿಧಾನವಾಗಿ ಚಾರ್ಜ್, ರೇಡಿಯೊ ಹಚ್ಚಿದಾಗ ಅದು ಬಂದ್.

ಈ ಮಾಸ್‌ಫೆಟ್‌ಗಳಿಗೆ ಕೆಲವೇ ವಾಟ್ ಡ್ರೈವ್ (ರೇಡಿಯೊದಿಂದ ಒಳಗೆ ಕೊಡುವ ಪವರ್) ಸಾಕು. ರೇಡಿಯೊವನ್ನು 10 ವಾಟಿಗೆ ಇಳಿಸಿದರೂ ಮೊದಲ ಅಕ್ಷರಕ್ಕೆ ಕೆಲವು ಸೆಟ್‌ಗಳು ಒಮ್ಮೆ ಪೂರ್ತಿ 100 ವಾಟ್ ಉಗುಳುತ್ತವೆ. ಗೇಟ್ ಸುಡಲು ಅಷ್ಟೇ ಸಾಕು. ಮಧ್ಯೆ ಪವರ್ ತಗ್ಗಿಸುವ ಅಟೆನ್ಯುಯೇಟರ್ ಹಾಕಲೇಬೇಕು. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ವಾಪಸ್ ಬರುವುದರ ಅಳತೆ) ಏರಿದ ತಕ್ಷಣ ಬಯಾಸ್ ಕಡಿಯುವ ಸರ್ಕ್ಯೂಟೂ ಬೇಕು. ತೋಟದ ದಾರಿಯಲ್ಲಿ ಹೋಗುತ್ತಾ ಮಾತಾಡುತ್ತಿದ್ದೆ. ಸಿಲ್ವರ್ ಓಕಿನ ಒದ್ದೆ ಕೊಂಬೆ ಆಂಟೆನಾಕ್ಕೆ ತಗುಲಿತು. ಟಪ್ ಅಂತ ಸಣ್ಣ ಸದ್ದು, ಅಷ್ಟೇ. ಎರಡೂ ಮಾಸ್‌ಫೆಟ್ ಹೋದವು. ಆಗ ನನ್ನ ರಕ್ಷಣೆ ರಿಲೇಯದ್ದು, ಅದು ಬಿಚ್ಚಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಬ್ಯಾಂಡಿಗೊಂದು ಲೋ-ಪಾಸ್ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿ ತಡೆಯುವುದು) ಬಿಡಲೇಬೇಡಿ, ಪುಶ್-ಪುಲ್ ಆದರೂ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್) ಜೋರಾಗೇ ಇರುತ್ತದೆ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. 100ರಿಂದ 400 ವಾಟ್ ಎಂದರೆ 6 ಡೆಸಿಬೆಲ್, ಕೇಳುವವರ ಎಸ್-ಮೀಟರಿನಲ್ಲಿ (ಸಿಗ್ನಲ್ ಬಲ ತೋರಿಸುವ ಮಾಪಕ) ಒಂದೇ ಒಂದು ಎಸ್ ಜಾಸ್ತಿ. 40 ಮೀಟರ್ ಬ್ಯಾಂಡಿನಲ್ಲಿ ಗಾಡಿಯ ಗಿಡ್ಡ ವಿಪ್ (ಕಡ್ಡಿ ಆಂಟೆನಾ) ಕೊಟ್ಟ ಪವರ್‌ನ ಬಹುಪಾಲನ್ನು ಕಾಯಿಲ್ ಮತ್ತು ನೆಲದಲ್ಲೇ ಕಳೆಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ ಕಡೆ ರಸ್ತೆ, ಕರೆಂಟ್, ಫೋನ್ ಎಲ್ಲ ಹೋಯಿತಲ್ವಾ? ಅಂಥ ದಿನಕ್ಕೆ ಅಂತಲೇ ನಾನು ಗಾಡಿಯಲ್ಲಿ ರೇಡಿಯೊ ಇಟ್ಟಿರುವುದು. ಈ ಗುಡ್ಡಗಳ ನಡುವೆ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ದಾಟುವುದಿಲ್ಲ. ಗಾಡಿ ನಿಲ್ಲಿಸಿ ಎರಡು ಮರಗಳ ನಡುವೆ ಐದು ಮೀಟರ್ ಎತ್ತರದಲ್ಲಿ 20 ಮೀಟರ್ ವೈರಿನ ಡೈಪೋಲ್ ಆಂಟೆನಾ ಕಟ್ಟಿದರೆ, ಹತ್ತಿರದ ಊರುಗಳಿಗೆ ಬರೀ 100 ವಾಟ್ ಆ 400 ವಾಟಿನ ವಿಪ್ಪನ್ನು ಮೀರಿಸುತ್ತದೆ. ಆ ವೈರ್ ಸುರುಳಿ ಇವತ್ತೇ ಸೀಟಿನಡಿ ಇಡಿ.

ಆಂಪ್ಲಿಫೈಯರ್ ಕಟ್ಟಿ ಮುಗಿದ ಮೇಲೆ ಮೊದಲ ಸಲ 50 ವೋಲ್ಟ್ ಕೊಡಬೇಡಿ. ಕರೆಂಟ್ ಮಿತಿ ಇರುವ ಸಪ್ಲೈಯಿಂದ 20 ವೋಲ್ಟ್, ಎದುರಿಗೆ ಆಂಟೆನಾ ಬದಲು ಡಮ್ಮಿ ಲೋಡ್, ಬಯಾಸ್ ಒಂದೊಂದಾಗಿ ಹೊಂದಿಸಿ. ಎಲ್ಲಾದರೂ ಸಿಕ್ಕಿಬಿದ್ದರೆ ಬೋರ್ಡಿನ ಫೋಟೊ ಹಾಕಿ, ನೋಡಿ ಹೇಳುತ್ತೇನೆ.