ಹರಿಕೇನ್ ಬರುತ್ತಿದೆ ಎಂದು ಗೊತ್ತಿದ್ದೂ ಕರಾವಳಿಯ ಕೆಲವರು ಮನೆ ಬಿಟ್ಟು ಹೋಗುವುದಿಲ್ಲ, ಏಕೆ?

ಅವರಿಗೆ ಭಯವಿಲ್ಲ ಎಂದಲ್ಲ. ಹಿಂದಿನ ಚಂಡಮಾರುತದ ಅನುಭವದಿಂದಲೇ ಅನೇಕರು ಮುಂದಿನದನ್ನು ಅಳೆಯುತ್ತಾರೆ. ‘ಆಗಲೇ ಏನೂ ಆಗಲಿಲ್ಲ, ಈಗೇನಾದೀತು?’ ಎಂಬ ಲೆಕ್ಕಾಚಾರ ಅದು.

ಅಮೆರಿಕದ ಮಿಸಿಸಿಪಿ ಕರಾವಳಿ ಇದಕ್ಕೆ ನೋವಿನ ಉದಾಹರಣೆ. 1969ರ ಕ್ಯಾಮಿಲ್ ಅತ್ಯುಗ್ರವಾದ 5ನೇ ವರ್ಗದ ಹರಿಕೇನ್. ಅದನ್ನು ಸುರಕ್ಷಿತವಾಗಿ ದಾಟಿದ್ದ ಹಲವರು 2005ರಲ್ಲಿ ಕತ್ರೀನಾ ಬಂದಾಗಲೂ ಮನೆಯಲ್ಲೇ ಉಳಿದರು. ದಡ ಮುಟ್ಟುವಾಗ ಕತ್ರೀನಾ 3ನೇ ವರ್ಗಕ್ಕೆ ಇಳಿದಿತ್ತು. ಆದರೂ ಅದು ಎಬ್ಬಿಸಿದ ಕಡಲ ನೀರು ಕೆಲವೆಡೆ 8 ಮೀಟರ್ ದಾಟಿತು, ಕ್ಯಾಮಿಲ್‌ಗಿಂತಲೂ ಎತ್ತರಕ್ಕೆ.

ವರ್ಗದ ಸಂಖ್ಯೆ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ. ನೀರು ಎಷ್ಟು ಏರುತ್ತದೆ ಎಂಬುದು ಚಂಡಮಾರುತದ ಅಗಲ, ಬರುವ ದಿಕ್ಕು, ಕಡಲತಳದ ಇಳಿಜಾರು ಇವುಗಳನ್ನೂ ಅವಲಂಬಿಸಿದೆ. ಕತ್ರೀನಾ ಬಹಳ ಅಗಲವಾಗಿತ್ತು. 5ನೇ ವರ್ಗದಲ್ಲಿದ್ದಾಗ ಅದು ತಳ್ಳಲಾರಂಭಿಸಿದ ನೀರು, ಗಾಳಿ ತಗ್ಗಿದ ಮಾತ್ರಕ್ಕೆ ತಗ್ಗಲಿಲ್ಲ. ಅಲ್ಲಿನ ಆಳವಿಲ್ಲದ ಕಡಲು ಅದನ್ನು ಇನ್ನಷ್ಟು ಮೇಲೆಬ್ಬಿಸಿತು.

ಹಾಗೆಂದು ಉಳಿಯುವವರನ್ನೆಲ್ಲ ಮೊಂಡರು ಎಂದುಬಿಡುವುದು ಅನ್ಯಾಯ. ಕಾರಿಲ್ಲದವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಹೋಟೆಲ್ ಖರ್ಚು ಹೊರಲಾರದವರು ಎಲ್ಲಿಗೆ ಹೋಗಬೇಕು? ಸಾಕಿದ ನಾಯಿಯನ್ನು ಬಿಟ್ಟು ಬರಲಾರದೆ ಉಳಿದವರೂ ಇದ್ದರು. ತೆರವು ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸುವ ಕಾನೂನು 2006ರಲ್ಲಿ ಬಂತು. ಹೊರಟವರ ಅನುಭವವೂ ಕಹಿಯೇ: ಕತ್ರೀನಾ ಬಂದ ಕೆಲವೇ ವಾರಗಳಲ್ಲಿ ರೀಟಾ ಎಂಬ ಇನ್ನೊಂದು ಹರಿಕೇನ್ ಬಂದಾಗ, ಟೆಕ್ಸಾಸ್‌ನ ಹ್ಯೂಸ್ಟನ್ ನಗರದಿಂದ ಹೊರಟ ಎಷ್ಟೋ ವಾಹನಗಳು ಸುಡುಬಿಸಿಲಿನಲ್ಲಿ ಪೆಟ್ರೋಲ್ ಮುಗಿದು ಹೆದ್ದಾರಿಯಲ್ಲೇ ನಿಂತವು.